ನಂಬರ್ ಒಂದು ಬದಲಿಸಿದರೆ ಪಕ್ಕದವರ ಖಾತೆ: ಭಾನುವಾರದ ಗುಂಪಿಗೆ ಒಂದು ಉತ್ತರ

ಪ್ರಶ್ನೆ: ನಾನು ಉಡುಪಿಯವನು. ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ. ಸಹಕಾರಿ ಸಂಘಗಳಿಗೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡಿಕೊಡುತ್ತೇವೆ. ನಾವು ಎಂಟು ಜನ ಗೆಳೆಯರು ಭಾನುವಾರ ಸೇರಿ ಎಪಿಐ (ಆ್ಯಪ್ ತನ್ನ ಸರ್ವರ್ ಹತ್ತಿರ ಮಾಹಿತಿ ಕೇಳಿ ಪಡೆಯುವ ದಾರಿ) ಸುರಕ್ಷತೆ ಕಲಿಯುತ್ತಿದ್ದೇವೆ, ಓವಾಸ್ಪ್‌ನ ಹತ್ತು ದೊಡ್ಡ ದೋಷಗಳ ಪಟ್ಟಿ ಓದಿದ್ದೇವೆ. ಊರಿನ ಸಂಘ, ಕ್ಲಿನಿಕ್, ಶಾಲೆಗಳ ಆ್ಯಪ್‌ಗಳನ್ನು ದುಡ್ಡು ತಗೊಳ್ಳದೆ ಪರೀಕ್ಷೆ ಮಾಡಿಕೊಡಬೇಕು ಅಂತ ಆಸೆ. ಆದರೆ ಕಳೆದ ತಿಂಗಳು ಒಂದು ಎಡವಟ್ಟಾಯಿತು. ನಮ್ಮಲ್ಲೊಬ್ಬ ಹುಡುಗ ತಾಯಿಯ ರಕ್ತಪರೀಕ್ಷೆಯ ವರದಿ ನೋಡುವಾಗ ಲಿಂಕಿನಲ್ಲಿದ್ದ ನಂಬರ್ ಬದಲಿಸಿದ. ಬೇರೆ ಯಾರದ್ದೋ ವರದಿ ಬಂತು. ಹಾಗೇ ಇಪ್ಪತ್ತು ತೆರೆದು, ಸ್ಕ್ರೀನ್‌ಶಾಟ್ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ. ಆಸ್ಪತ್ರೆಗೆ ತಿಳಿಸಿದರೆ 'ಪೊಲೀಸ್ ಕಂಪ್ಲೇಂಟ್ ಕೊಡ್ತೇವೆ' ಎಂದರು. ನಮ್ಮ ಬಾಸ್‌ಗೂ ವಿಷಯ ಗೊತ್ತಾಯಿತು. 'ತೂತು ತೋರಿಸಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ನಮ್ಮ ಆ್ಯಪಿಗೆ ಒಟಿಪಿ ಉಂಟು, ಎಚ್‌ಟಿಟಿಪಿಎಸ್ ಉಂಟು, ಸಾಕು' ಎನ್ನುತ್ತಾರೆ. ನಾವು ಮಾಡುತ್ತಿರುವುದು ತಪ್ಪಾ? ಮುಂದುವರಿಸುವುದು ಹೇಗೆ? ಪರೀಕ್ಷೆ ಮಾಡಿದ ಆ್ಯಪಿಗೆ ಸರ್ಟಿಫಿಕೇಟ್ ಕೊಡಬಹುದಾ?

ಉತ್ತರ: ಮೊದಲು ಆ ಹುಡುಗನ ವಿಷಯ ಮುಗಿಸೋಣ, ಅದು ಅರ್ಜೆಂಟ್.

ಗ್ರೂಪಿನ ಎಲ್ಲರಿಗೂ ಇವತ್ತೇ ಹೇಳಿ: ಆ ಸ್ಕ್ರೀನ್‌ಶಾಟ್ ಯಾರೂ ಯಾರಿಗೂ ಕಳಿಸಬಾರದು. 'ಸರಿ ಮಾಡಿದ್ದಾರಾ' ಅಂತ ನೋಡಲು ಆ ಲಿಂಕನ್ನು ಮತ್ತೆ ತೆರೆಯುವುದೂ ಬೇಡ. ಎಲ್ಲ ಅಳಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಪೊಲೀಸ್ ಮಾತು ಬಂದಾಗಿದೆ, ಈಗ ಗಡಿಬಿಡಿಯಲ್ಲಿ ಅಳಿಸಿದರೆ ಏನೋ ಮುಚ್ಚಿಟ್ಟ ಹಾಗೆ ಕಾಣಬಹುದು. ನಾನು ವಕೀಲನಲ್ಲ. ಸೈಬರ್ ಕೇಸು ನಡೆಸಿದ ವಕೀಲರೊಬ್ಬರನ್ನು ಕಂಡು, ಅಳಿಸುವುದನ್ನು ಅವರು ಹೇಳಿದಂತೆ ಮಾಡಿ. ಯಾವತ್ತು, ಎಷ್ಟು ಗಂಟೆಗೆ, ಏನು ನೋಡಿದ, ಯಾರಿಗೆ ಯಾವಾಗ ತಿಳಿಸಿದ ಎಂದು ಹುಡುಗ ಈಗಲೇ ಒಂದು ಹಾಳೆಯಲ್ಲಿ ಬರೆದಿಡಲಿ. ಎರಡು ತಿಂಗಳು ಕಳೆದರೆ ಅವನಿಗೇ ಮರೆತುಹೋಗುತ್ತದೆ.

ಕಾನೂನು ಹೀಗಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಕೇಳುವುದು ಒಂದೇ ಪ್ರಶ್ನೆ: ಮಾಲೀಕರ ಅನುಮತಿ ಇತ್ತಾ? ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ. ಅದಕ್ಕೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹುಡುಗನ ಉದ್ದೇಶ ಕೆಟ್ಟದಿರಲಿಲ್ಲ, ನಾನು ನಂಬುತ್ತೇನೆ. ಆದರೆ ನನ್ನ ಉದ್ದೇಶ ಒಳ್ಳೆಯದಿತ್ತು ಎಂದವನನ್ನು ಕೇಸಿನಿಂದ ಹೊರಗಿಡುವ ಪ್ರತ್ಯೇಕ ಸೆಕ್ಷನ್ ಈ ಕಾಯ್ದೆಯಲ್ಲಿಲ್ಲ. ಮೊದಲ ವರದಿ ಕಂಡದ್ದು ಆಕಸ್ಮಿಕ ಎನ್ನಬಹುದು. ಎರಡನೆಯದು ಖಚಿತ ಮಾಡಿಕೊಳ್ಳಲು ಎನ್ನಬಹುದು. ಇಪ್ಪತ್ತನೆಯದಕ್ಕೆ ಏನು ಹೇಳುವುದು?

ಹಾಗಂತ ಆಸ್ಪತ್ರೆಯ ತೂತು ಮುಚ್ಚಿತು ಅಂತಲ್ಲ. ಅವರು ಕೇಳದಿದ್ದರೆ ಸರ್ಟ್-ಇನ್‌ಗೆ ತಿಳಿಸಬಹುದು. ಕೇಂದ್ರ ಸರ್ಕಾರದ ಈ ಸಂಸ್ಥೆ ಸಾಮಾನ್ಯರಿಂದಲೂ ಇಂಥ ದೋಷಗಳ ಮಾಹಿತಿ ತೆಗೆದುಕೊಂಡು, ಸಂಬಂಧಪಟ್ಟವರ ಜೊತೆ ಮಾತಾಡುತ್ತದೆ. ಇದನ್ನೂ ವಕೀಲರಿಗೆ ಹೇಳಿಯೇ ಮಾಡಿ. ಪತ್ರದಲ್ಲಿ ಯಾವ ರೋಗಿಯ ಹೆಸರೂ ಬೇಡ, ವರದಿಯೂ ಬೇಡ. 'ಲಿಂಕಿನ ಸಂಖ್ಯೆ ಬದಲಿಸಿದರೆ ಬೇರೆಯವರ ವರದಿ ತೆರೆಯುತ್ತದೆ' ಎಂಬ ಒಂದು ಸಾಲು ಸಾಕು.

ಈಗ ನಿಮ್ಮ ಬಾಸ್ ಹೇಳಿದ್ದಕ್ಕೆ ಬರೋಣ. ಎಚ್‌ಟಿಟಿಪಿಎಸ್ ಮಾಡುವುದು ದಾರಿಯ ಕೆಲಸ. ಫೋನಿನಿಂದ ಸರ್ವರ್‌ಗೆ ಹೋಗುವಾಗ ನಡುವೆ ಯಾರೂ ಓದದ ಹಾಗೆ ನೋಡಿಕೊಳ್ಳುತ್ತದೆ. ಕಳ್ಳ ನಡುದಾರಿಯಲ್ಲಿ ಕೂತಿರದೆ ತಾನೇ ಗ್ರಾಹಕನಾಗಿ ಬಂದರೆ? ಅವನಿಗೂ ಅಷ್ಟೇ ಭದ್ರವಾಗಿ ಸಾಗಿಸಿಕೊಡುತ್ತದೆ. ಒಟಿಪಿ ಮಾಡುವುದು ಬಾಗಿಲಿನ ಕೆಲಸ. ಬಂದವರು ಯಾರು ಅಂತ ಕೇಳುತ್ತದೆ. ರೇಷನ್ ಅಂಗಡಿ ನೆನಪಿಸಿಕೊಳ್ಳಿ. ಕಾರ್ಡ್ ತೋರಿಸಿ ಒಳಗೆ ಬಂದವನು 'ಪಕ್ಕದ ಮನೆಯವರ ಅಕ್ಕಿಯನ್ನೂ ಕೊಡಿ' ಅಂದರೆ ಅಂಗಡಿಯವರು ಕೊಡುತ್ತಾರಾ? ಅವರ ಕಾರ್ಡ್ ಎಲ್ಲಿ ಅಂತ ಕೇಳುತ್ತಾರೆ. ನಿಮ್ಮ ಸರ್ವರ್ ಆ ಪ್ರಶ್ನೆ ಕೇಳುತ್ತದಾ ಎಂಬುದೇ ಇಡೀ ವಿಷಯ.

ಓವಾಸ್ಪ್ ಪಟ್ಟಿಯ ಮೊದಲ ನಂಬರಿನಲ್ಲಿ ಇರುವುದೂ ಇದೇ. ಓವಾಸ್ಪ್ 2001ರಲ್ಲಿ ಶುರುವಾದ ಸ್ವಯಂಸೇವಕರ ಕೂಟ. ಎಪಿಐಗಳಿಗೇ ಅಂತ ಬೇರೆ ಪಟ್ಟಿ ಮಾಡಿದ್ದು 2019ರಲ್ಲಿ. 2023ರಲ್ಲಿ ಅದನ್ನು ತಿದ್ದಿ ಮತ್ತೆ ಹೊರತಂದರು. ಕೆಲವು ಕಲಮು ಸೇರಿ ಒಂದಾದವು, ಕೆಲವು ಹೊಸದಾಗಿ ಬಂದವು. ಮೊದಲ ಸ್ಥಾನ ಮಾತ್ರ ಕದಲಲಿಲ್ಲ: ಕೇಳಿದ ವಸ್ತು ಕೇಳಿದವನದ್ದೇ ಹೌದಾ ಅಂತ ನೋಡದೆ ಕೊಟ್ಟುಬಿಡುವುದು. 2018ರಲ್ಲಿ ಅಮೆರಿಕದ ಅಂಚೆ ಇಲಾಖೆಯಲ್ಲಿ ಹೀಗೇ ಆಗಿತ್ತು. ಅವರ ವೆಬ್‌ಸೈಟಿನಲ್ಲಿ ಲಾಗಿನ್ ಆದ ಯಾರು ಬೇಕಾದರೂ ಉಳಿದ ಸುಮಾರು ಆರು ಕೋಟಿ ಬಳಕೆದಾರರ ವಿವರ ಕೇಳಬಹುದಿತ್ತು. ಅಲ್ಲಿಯೂ ಲಾಗಿನ್ ಇತ್ತು, ಎಚ್‌ಟಿಟಿಪಿಎಸ್ ಇತ್ತು.

ಇಷ್ಟು ಸುಲಭದ ತಪ್ಪು ಇಷ್ಟು ಜಾಸ್ತಿ ಯಾಕೆ? ನನಗೆ ಕಂಡ ಕಾರಣ ಹೇಳುತ್ತೇನೆ. ಲಾಗಿನ್ ಎಂಬುದು ಇವತ್ತು ರೆಡಿಮೇಡ್ ಸಿಗುತ್ತದೆ. ಯಾವ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ತೆಗೆದುಕೊಂಡರೂ ನಾಲ್ಕು ಸಾಲಿನಲ್ಲಿ ಕೂರಿಸಬಹುದು. ಆದರೆ 'ಕದ್ರಿ ಶಾಖೆಯ ಪಿಗ್ಮಿ ಕಲೆಕ್ಟರ್ ಕಂಕನಾಡಿಯ ಖಾತೆ ನೋಡಬಾರದು' ಎಂಬ ನಿಯಮ ಯಾವ ಫ್ರೇಮ್‌ವರ್ಕಿಗೂ ಗೊತ್ತಿಲ್ಲ. ಅದು ಸಂಘದ ಮ್ಯಾನೇಜರ್ ತಲೆಯಲ್ಲಿ ಇರುತ್ತದೆ. ಅದನ್ನು ಯಾರಾದರೂ ಕೇಳಿ, ಬರೆದು, ಕೋಡಿಗೆ ಇಳಿಸಬೇಕು. ತಾನೇ ದೋಷ ಹುಡುಕುವ ಆಟೋಮ್ಯಾಟಿಕ್ ಸ್ಕ್ಯಾನರ್ ಓಡಿಸಿದರೂ ಈ ತಪ್ಪು ಸಾಮಾನ್ಯವಾಗಿ ಸಿಕ್ಕಿಬೀಳುವುದಿಲ್ಲ. ಯಾಕೆಂದರೆ ಸರ್ವರ್ ಎಡವಿಲ್ಲ, ಕೇಳಿದ್ದಕ್ಕೆ '200 ಓಕೆ' ಅಂತ ಸರಿಯಾಗೇ ಉತ್ತರ ಕೊಟ್ಟಿದೆ. ಕೊಟ್ಟದ್ದು ಯಾರದ್ದು ಎಂಬುದು ಸ್ಕ್ಯಾನರ್‌ಗೆ ಹೇಗೆ ತಿಳಿಯಬೇಕು?

ಪಿಗ್ಮಿ ಹುಟ್ಟಿದ್ದೇ ನಿಮ್ಮ ಉಡುಪಿಯಲ್ಲಿ. 1925ರಲ್ಲಿ ಅಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಪದ್ಧತಿ ತಂದಿತು. ಆಮೇಲೆ ಎಷ್ಟೋ ವರ್ಷ ಕಾರ್ಡೋ ಪುಸ್ತಕವೋ ಗ್ರಾಹಕರ ಮನೆಯಲ್ಲೇ ಇರುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಅಮ್ಮ ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದರು. ಕಲೆಕ್ಟರ್ ಬಂದಾಗ ಅದು ಹೊರಗೆ ಬರುತ್ತಿತ್ತು, ಅವರು ಸೈನ್ ಹಾಕಿದ ಮೇಲೆ ವಾಪಸ್ ಒಳಗೆ ಹೋಗುತ್ತಿತ್ತು. ಪಕ್ಕದ ಮನೆಯ ಪುಸ್ತಕ ನೋಡಬೇಕೆಂದರೆ ಪಕ್ಕದ ಮನೆಗೆ ಹೋಗಿ ಕೇಳಬೇಕಿತ್ತು. ಆ್ಯಪ್ ಬಂದ ಮೇಲೆ ಎಲ್ಲರ ಪುಸ್ತಕವೂ ಒಂದೇ ಕೌಂಟರ್‌ನಲ್ಲಿದೆ, ನಂಬರ್ ಹೇಳಿದರೆ ತೆಗೆದುಕೊಡುತ್ತಾರೆ. ಆ ಕೌಂಟರ್‌ಗೆ ಎಪಿಐ ಅಂತ ಹೆಸರು.

ಬಾಸ್ ಇನ್ನೊಂದು ಮಾತು ಹೇಳಬಹುದು: 'ಆ್ಯಪಿನಲ್ಲಿ ಆ ಬಟನ್ನೇ ಇಲ್ಲ, ಯಾರು ಹೇಗೆ ಒತ್ತುತ್ತಾರೆ?' ಆ್ಯಪ್ ಬರೀ ಮುಖ. ಫೋನು ಮತ್ತು ಸರ್ವರ್ ಏನು ಮಾತಾಡುತ್ತವೆ ಎಂದು ಕೂತು ನೋಡುವ ಉಪಕರಣಗಳು ಪುಕ್ಕಟೆ ಸಿಗುತ್ತವೆ, ನಿಮಗೆ ಗೊತ್ತೇ ಇದೆ. ತೆರೆಯ ಮೇಲೆ ಹೆಸರು, ಬಾಕಿ ಎರಡೇ ಕಾಣುತ್ತಿರುತ್ತದೆ. ಕೆಳಗೆ ಬಂದ ಉತ್ತರದಲ್ಲಿ ಆಧಾರ್ ನಂಬರ್, ನಾಮಿನಿಯ ಹೆಸರು, ಫೋನ್ ನಂಬರ್ ಎಲ್ಲ ಇರುತ್ತದೆ. ಡೇಟಾಬೇಸಿನ ಇಡೀ ಸಾಲನ್ನು ಎತ್ತಿ ಕಳಿಸುವುದು ಡೆವಲಪರ್‌ಗೆ ಸುಲಭ, ಬೇಡದ್ದನ್ನು ಆರಿಸಿ ತೆಗೆಯುವುದು ಬೇಸರದ ಕೆಲಸ. ಇದೂ ಪಟ್ಟಿಯಲ್ಲಿ ಇದೆ, ಮೂರನೆಯ ಕಲಮು.

'ಸಾಲು ನಂಬರ್ ಬಿಟ್ಟು ಉದ್ದದ ಗೊಂದಲದ ನಂಬರ್ ಕೊಟ್ಟರೆ ಆಯಿತಲ್ಲ' ಎನ್ನುವವರೂ ಇದ್ದಾರೆ. ಒಳ್ಳೆಯದೇ, ಕೊಡಿ. ಆದರೆ ಅದನ್ನೇ ಬೀಗ ಅಂದುಕೊಳ್ಳಬೇಡಿ. ಓವಾಸ್ಪ್‌ನವರು ಕ್ರಾಪಿ ಎಂಬ ಒಂದು ಅಭ್ಯಾಸದ ಆ್ಯಪ್ ಮಾಡಿದ್ದಾರೆ. ಬೇಕೆಂದೇ ತೂತು ಬಿಟ್ಟು ಕಟ್ಟಿದ್ದು, ಕಾರು ಮಾಲೀಕರಿಗೆ ಅಂತ ಕಲ್ಪಿಸಿದ್ದು. ಅದರಲ್ಲಿ ಕಾರುಗಳಿಗೆ ಊಹಿಸಲಾಗದ ಉದ್ದನೆಯ ಗುರುತುಗಳಿವೆ. ಆದರೆ ಅದೇ ಆ್ಯಪಿನ ಚರ್ಚಾಕಟ್ಟೆಗೆ ಹೋದರೆ, ಪೋಸ್ಟ್ ಹಾಕಿದವರ ಕಾರಿನ ಗುರುತು ಉತ್ತರದ ಒಳಗೆ ಸುಮ್ನೆ ಬಂದು ಕೂತಿರುತ್ತದೆ. ಅದನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ಕೊಟ್ಟರೆ ಆ ಕಾರು ಎಲ್ಲಿದೆ ಅಂತಲೇ ತೋರಿಸುತ್ತದೆ.

ಒಟಿಪಿ ಬಗ್ಗೆಯೂ ಒಂದು ಲೆಕ್ಕ ಹಾಕಿ ಬಾಸ್‌ಗೆ ತೋರಿಸಿ. ನಾಲ್ಕು ಅಂಕಿಯ ಒಟಿಪಿಯಲ್ಲಿ ಇರುವುದು 10,000 ಸಾಧ್ಯತೆ. ಸೆಕೆಂಡಿಗೆ ಐವತ್ತರ ಹಾಗೆ ಪ್ರಯತ್ನಿಸಿದರೆ 200 ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಒಂದು ಚಹಾ ತಣ್ಣಗಾಗುವಷ್ಟು ಹೊತ್ತೂ ಬೇಡ. ಹಾಗಾಗಿ ಇಷ್ಟು ಸಲ ತಪ್ಪಿದರೆ ನಿಲ್ಲಿಸು ಎಂಬ ಮಿತಿ ಸರ್ವರ್‌ನಲ್ಲಿ ಬೇಕೇ ಬೇಕು. ಕ್ರಾಪಿಯಲ್ಲಿ ಇದಕ್ಕೂ ಒಂದು ತಮಾಷೆ ಇಟ್ಟಿದ್ದಾರೆ. ಒಟಿಪಿ ಪರಿಶೀಲಿಸುವ ಎಪಿಐನ ಮೂರನೇ ಆವೃತ್ತಿಯಲ್ಲಿ ಮಿತಿ ಇದೆ. ಎರಡನೇ ಆವೃತ್ತಿಯನ್ನು ಯಾರೂ ಬಂದ್ ಮಾಡಿಲ್ಲ, ಅದರಲ್ಲಿ ಮಿತಿ ಇಲ್ಲ. ವಿಳಾಸದಲ್ಲಿ 3 ತೆಗೆದು 2 ಹಾಕಿದರೆ ಮುಗಿಯಿತು.

ಇದು ಬರೀ ಆಟ ಅಂದುಕೊಳ್ಳಬೇಡಿ. 2022ರಲ್ಲಿ ಆಸ್ಟ್ರೇಲಿಯಾದ ಆಪ್ಟಸ್ ಎಂಬ ಟೆಲಿಕಾಂ ಕಂಪೆನಿಯಿಂದ 95 ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿವರ ಹೊರಗೆ ಹೋಯಿತು. ಅಲ್ಲಿನ ನಿಯಂತ್ರಣ ಸಂಸ್ಥೆ ಕೋರ್ಟಿಗೆ ಹೇಳಿದ ಪ್ರಕಾರ, ಅದಕ್ಕೆ ಕಾರಣವಾದ ದೋಷವನ್ನು ಕಂಪೆನಿ ತನ್ನ ಮುಖ್ಯ ವೆಬ್ ವಿಳಾಸದಲ್ಲಿ ಮುಂಚೆಯೇ ಸರಿ ಮಾಡಿತ್ತು. ಬಳಕೆಯಲ್ಲಿ ಇಲ್ಲದೆ ಬಿದ್ದಿದ್ದ ಇನ್ನೊಂದು ವಿಳಾಸದಲ್ಲಿ ಮಾಡಿರಲಿಲ್ಲ. ನಮ್ಮ ಕಡೆ ಹಳೆಯ ಆವೃತ್ತಿ ಉಳಿಯುವುದಕ್ಕೆ ಕಾರಣ ಇನ್ನೂ ಸರಳ. ಯಾರೋ ಒಬ್ಬ ಹಿರಿಯ ಕಲೆಕ್ಟರ್ ಕೈಯಲ್ಲಿ ಹಳೆಯ ಫೋನ್ ಇರುತ್ತದೆ, ಹೊಸ ಆ್ಯಪ್ ಅದರಲ್ಲಿ ಓಡುವುದಿಲ್ಲ. ಅವರೊಬ್ಬರಿಗಾಗಿ ಹಳೆಯ ಎಪಿಐ ಜೀವಂತ. ಅವರಿಗೆ ಒಂದು ಹೊಸ ಫೋನ್ ಕೊಡಿಸುವುದು ಅಗ್ಗ.

'ಕಳ್ಳರಿಗೆ ದಾರಿ ತೋರಿಸಿದ ಹಾಗೆ' ಎಂಬ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನೂ ಮುಚ್ಚದ ತೂತನ್ನು ಊರಿಗೆಲ್ಲ ಸಾರಿದರೆ ಹಾಗೇ ಆಗುತ್ತದೆ. ಮಾಲೀಕರಿಗೆ ಮಾತ್ರ ಹೇಳಿ, ಸರಿ ಮಾಡಲು ಸಮಯ ಕೊಟ್ಟರೆ ಹಾಗಾಗುವುದಿಲ್ಲ. ಬಾಸ್‌ಗೆ ಇನ್ನೆರಡು ವಿಷಯ ತಿಳಿದಿರಲಿ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಡೇಟಾ ಸೋರಿಕೆಯಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕಮಟ್ಟಿನ ಸುರಕ್ಷತಾ ಕ್ರಮ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸಣ್ಣ ಸಂಘಕ್ಕೆ ಅಷ್ಟು ಹಾಕಲಿಕ್ಕಿಲ್ಲ. ಆದರೆ ಗೊತ್ತಿರಲಿಲ್ಲ ಎಂದರೆ ನಡೆಯುವ ಕಾಲ ಮುಗಿಯಿತು.

ನಿಮ್ಮ ಗುಂಪು ಮುಂದೆ ಏನು ಮಾಡಬಹುದು? ಕಲಿಯುವ ಹುಡುಗರ ಪಾಲಿಗೆ ಕ್ರಾಪಿ ಮತ್ತು ಅದೇ ಥರ ಬೇಕೆಂದೇ ತೂತು ಬಿಟ್ಟು ಕಟ್ಟಿದ ಜ್ಯೂಸ್ ಶಾಪ್ ಎರಡೇ ಆರು ತಿಂಗಳಿಗೆ ಸಾಕು. ಎರಡೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತವೆ, ಯಾರ ಅಪ್ಪಣೆಯೂ ಬೇಡ. ನಂಬರ್ ಬದಲಿಸುವ ಕೈತುರಿಕೆ ಅಲ್ಲೇ ತೀರಲಿ. ಅದು ಮುಗಿದ ಮೇಲೆ, ದೋಷ ತಿಳಿಸಿದವರನ್ನು ಸ್ವಾಗತಿಸುತ್ತೇವೆ ಎಂದು ನಿಯಮ ಬರೆದು ಪ್ರಕಟಿಸಿದ ಕಂಪೆನಿಗಳ ಕಡೆ ಹೋಗಬಹುದು. ವೆಬ್‌ಸೈಟಿನಲ್ಲಿ ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ ಎಂಬ ಸಣ್ಣ ಕಡತ ಇಟ್ಟು ಯಾರಿಗೆ ತಿಳಿಸಬೇಕೆಂದು ಹೇಳುವ ಪದ್ಧತಿಗೆ 2022ರಲ್ಲಿ ಒಂದು ಅಧಿಕೃತ ರೂಪವೂ ಬಂದಿದೆ. ಆ ಕಡತ ಬರೀ ವಿಳಾಸ ಹೇಳುತ್ತದೆ, ಅದಿದ್ದ ಮಾತ್ರಕ್ಕೆ ಅನುಮತಿ ಸಿಕ್ಕಿತು ಅಂತಲ್ಲ. ಅನುಮತಿ ನಿಯಮದಲ್ಲಿ ಇರುತ್ತದೆ. ಅವರು ಹಾಕಿದ ಗೆರೆ ದಾಟಿದರೆ ನೀವು ಮತ್ತೆ ಆ ಹುಡುಗನ ಜಾಗದಲ್ಲೇ ನಿಲ್ಲುತ್ತೀರಿ.

ನೀವು ನಿಜವಾಗಿ ಕೇಳಿದ್ದು ಊರಿನ ಆ್ಯಪ್‌ಗಳ ಬಗ್ಗೆ. ಖಂಡಿತ ಮಾಡಿ. ಆದರೆ ಬಾಯಿಮಾತಿನ ಅನುಮತಿಗೆ ಹೋಗಬೇಡಿ. ನಾನು ಹೊಸಬನಿದ್ದಾಗ ಒಂದು ಸಂಸ್ಥೆಯವರು ಫೋನಿನಲ್ಲಿ 'ಮಾಡಿ ಮಾರಾಯ್ರೆ, ಏನೂ ತೊಂದ್ರೆ ಇಲ್ಲ' ಎಂದರು. ಶನಿವಾರ ಸಂಜೆ ಮಾಡಿದೆ. ಸರ್ವರ್ ಮಲಗಿತು. ಸೋಮವಾರ ನೋಡಿದರೆ ಹಾಗೆ ಹೇಳಿದ್ದು ಆ ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ಅವತ್ತಿನಿಂದ ಕಾಗದ ಕೈಗೆ ಬಾರದೆ ನಾನು ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಯಾವ ಸರ್ವರ್, ಯಾವ ದಿನ, ಏನು ಮುಟ್ಟಬಾರದು, ಏನಾದರೂ ಕೆಟ್ಟರೆ ಯಾರ ಫೋನಿಗೆ ಕರೆ, ಇಷ್ಟು ಅದರಲ್ಲಿ ಇರಬೇಕು. ಇಲ್ಲಿ ಒಂದು ಗುಂಡಿ ಇದೆ: ಸಂಘದ ಅಧ್ಯಕ್ಷರು ಸೈನ್ ಹಾಕುತ್ತಾರೆ, ಆದರೆ ಸರ್ವರ್ ಸಾಫ್ಟ್‌ವೇರ್ ಕಂಪೆನಿಯದ್ದು. ಇಬ್ಬರ ಸಹಿಯೂ ಬೇಕು. ಅದು ನಿಮ್ಮ ಕಂಪೆನಿಯ ಪ್ರತಿಸ್ಪರ್ಧಿಯಾದರೆ ನೀವು ದೂರ ಇರಿ, ಉಳಿದ ಏಳು ಜನ ಮಾಡಲಿ. ಪರೀಕ್ಷೆ ನಿಜವಾದ ಗ್ರಾಹಕರ ಡೇಟಾ ಮೇಲೆ ಬೇಡ, ಸುಳ್ಳು ಹೆಸರು ತುಂಬಿದ ನಕಲು ಸರ್ವರ್ ಮೇಲೆ ಸಾಕು.

ದಾಳಿ ಮಾಡಿ ತೋರಿಸುವುದಕ್ಕಿಂತ ಜೊತೆಗೆ ಕೂತು ಕೇಳುವುದರಿಂದ ಜಾಸ್ತಿ ತೂತು ಸಿಗುತ್ತವೆ. ಇದು ನನ್ನ ಅನುಭವ. ಒಂದು ಸಂಘದಲ್ಲಿ ನಾವು ಕಂಪ್ಯೂಟರನ್ನೇ ಮುಟ್ಟಲಿಲ್ಲ. ಮೇಜಿನ ಮೇಲೆ ಉದ್ದ ರಿಜಿಸ್ಟರ್ ಬಿಡಿಸಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದೆವು. ಎಡಕ್ಕೆ ಎಪಿಐ ಮಾಡುವ ಕೆಲಸಗಳು: ಬಾಕಿ ನೋಡು, ಹಣ ಜಮಾ ಮಾಡು, ರಶೀದಿ ರದ್ದು ಮಾಡು, ಫೋನ್ ನಂಬರ್ ಬದಲಿಸು. ಮೇಲೆ ಜನ: ಸದಸ್ಯರು, ಕಲೆಕ್ಟರ್, ಶಾಖೆಯ ಮ್ಯಾನೇಜರ್, ಪ್ರಧಾನ ಕಚೇರಿ. ಒಂದೊಂದು ಮನೆಗೂ 'ಹೌದು', 'ಇಲ್ಲ', 'ತನ್ನದು ಮಾತ್ರ' ಅಂತ ತುಂಬಿಸುತ್ತ ಹೋದೆವು. ಬಾಕಿ, ಜಮಾ ಎಲ್ಲ ಸರಾಗ ಹೋಯಿತು. 'ರಶೀದಿ ರದ್ದು' ಬಂದಾಗ ಮ್ಯಾನೇಜರ್ 'ನಾನು ಮಾತ್ರ' ಎಂದರು. ಕೋಡ್ ಬರೆದ ಹುಡುಗಿ ಪೆನ್ಸಿಲ್ ಕೆಳಗಿಟ್ಟು, 'ಸರ್, ಈಗ ಲಾಗಿನ್ ಆದವರು ಯಾರು ಬೇಕಾದ್ರೂ ಮಾಡ್ಬಹುದು ಅಂತ ಕಾಣ್ತದೆ' ಎಂದಳು. ಸದಸ್ಯರ ಆ್ಯಪಿನಲ್ಲಿ ಆ ಬಟನ್ ಇರಲಿಲ್ಲ, ಹಾಗಾಗಿ ಯಾರಿಗೂ ಹೊಳೆದಿರಲಿಲ್ಲ. ಸರಿ ಮಾಡಲು ಅವಳಿಗೆ ಅರ್ಧ ದಿನ ಸಾಕಾಯಿತು.

ನೀವೂ ಅಲ್ಲಿಂದಲೇ ಶುರು ಮಾಡಿ. ಆಮೇಲೆ ಎರಡು ಖಾತೆಯ ಪರೀಕ್ಷೆ. ನಕಲು ಸರ್ವರ್‌ನಲ್ಲಿ ರಾಮಣ್ಣ, ಲಲಿತಕ್ಕ ಅಂತ ಎರಡು ಖಾತೆ ತೆರೆಯಿರಿ. ರಾಮಣ್ಣನ ಟೋಕನ್ (ಲಾಗಿನ್ ಆದ ಮೇಲೆ ಸರ್ವರ್ ಕೊಡುವ ಗುರುತುಚೀಟಿ) ಹಿಡಿದು ಲಲಿತಕ್ಕನ ಖಾತೆ ನಂಬರ್ ಕೇಳಿ. ರಿಜಿಸ್ಟರಿನಲ್ಲಿ 'ತನ್ನದು ಮಾತ್ರ' ಎಂದು ಬರೆದ ಪ್ರತಿ ಕೆಲಸಕ್ಕೂ ಇದನ್ನೇ ಮಾಡಿ. ಏನಾದರೂ ಬಂದರೆ ತೂತು. ಸರಿಪಡಿಸುವಾಗ 'ಈ ನಂಬರಿನ ಖಾತೆ ಕೊಡು' ಎಂದು ಡೇಟಾಬೇಸನ್ನು ಕೇಳುವ ಕ್ವೆರಿಗೆ 'ಮತ್ತು ಅದು ಈಗ ಲಾಗಿನ್ ಆದವರದ್ದೇ ಆಗಿರಬೇಕು' ಎಂಬ ಷರತ್ತು ಸೇರಿಸಬೇಕು. 'ಲಾಗಿನ್ ಆದವರು ಯಾರು' ಎಂಬುದನ್ನು ಟೋಕನ್‌ನಿಂದ ತೆಗೆಯಿರಿ, ಫೋನ್ ಕಳಿಸಿದ ವಿವರದಿಂದ ತೆಗೆಯಬೇಡಿ. ಅಲ್ಲಿ ಯಾರು ಏನು ಬೇಕಾದರೂ ಬರೆದು ಕಳಿಸಬಹುದು. ಈ ಪರೀಕ್ಷೆಯನ್ನೇ ಕೋಡಿನ ಜೊತೆ ಬರೆದಿಟ್ಟರೆ ಪ್ರತಿ ಹೊಸ ಬಿಡುಗಡೆಗೂ ತಾನೇ ಓಡುತ್ತದೆ. ನಲವತ್ತು ಪುಟದ ವರದಿ ಕೊಟ್ಟು ಬರಬೇಡಿ, ಯಾರೂ ಓದುವುದಿಲ್ಲ. ಓಡುವ ಪರೀಕ್ಷೆ ನಾಲ್ಕು ಕೊಟ್ಟು ಬನ್ನಿ.

ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ನೀವು ಪುಕ್ಕಟೆ ನೋಡಿಕೊಟ್ಟ ಆ್ಯಪಿನಿಂದ ಮುಂದಿನ ವರ್ಷ ಡೇಟಾ ಹೋದರೆ ಮೊದಲು ನೆನಪಾಗುವುದು ನಿಮ್ಮ ಹೆಸರು. ನಿಮ್ಮ ಕಂಪೆನಿಯ ಒಪ್ಪಂದದಲ್ಲಿ ಹೊರಗಿನ ಕೆಲಸಕ್ಕೆ ತಡೆ ಇದೆಯಾ ಅಂತಲೂ ಓದಿಕೊಳ್ಳಿ, ಪುಕ್ಕಟೆ ಕೆಲಸವೂ ಕೆಲಸವೇ. ಎಂಟು ಜನರಲ್ಲಿ ಇಬ್ಬರು ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ, ಆಗ ಒಪ್ಪಿಕೊಂಡ ಕೆಲಸ ಯಾರು ಮುಗಿಸುತ್ತಾರೆ ಎಂಬುದೂ ಇದೆ. ಒಂದು ಸಲಕ್ಕೆ ಒಂದೇ ಸಂಘ ಹಿಡಿದುಕೊಳ್ಳಿ.

ಸರ್ಟಿಫಿಕೇಟ್ ಮಾತ್ರ ಬೇಡ. ಓವಾಸ್ಪ್ ಸಹ ಯಾವ ಆ್ಯಪಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. 'ಓವಾಸ್ಪ್ ಪ್ರಮಾಣಿತ' ಅಂತ ಯಾರಾದರೂ ಪೋಸ್ಟರ್ ಹಾಕಿದ್ದರೆ ನಂಬಬೇಡಿ. ಬೇಕಾದರೆ ತಾರೀಕು ಹಾಕಿದ ಒಂದು ಪತ್ರ ಕೊಡಿ. ಇಂಥ ದಿನ, ಈ ಆವೃತ್ತಿಯಲ್ಲಿ, ಈ ಹದಿನಾಲ್ಕು ಕೆಲಸಗಳನ್ನು ಎರಡು ಖಾತೆಯಿಂದ ನೋಡಿದೆವು. ಹಣ ಪಾವತಿಯ ಭಾಗ, ಎಸ್‌ಎಂಎಸ್ ಭಾಗ ನೋಡಿಲ್ಲ. ನೋಡದೇ ಇದ್ದದ್ದನ್ನು ನೋಡಿದ್ದಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಕೆಳಗೆ ಎಂಟೂ ಜನರ ಹೆಸರು ಹಾಕುವ ಮೊದಲು ಆ ವಕೀಲರಿಗೆ ಒಮ್ಮೆ ತೋರಿಸಿ, ಹೇಗೂ ಹುಡುಗನ ವಿಷಯಕ್ಕೆ ಅವರ ಹತ್ತಿರ ಹೋಗುತ್ತೀರಲ್ಲ.